ಗಾರೆ

ಕಾಲುಗಳನ್ನು ನೋಡಬಾರದು ಅಂದುಕೊಂಡಷ್ಟೂ ಸತೀಶನ ಕಣ್ಣಿಗೆ ಕಾಲುಗಳೇ ಬೀಳುತ್ತಿದ್ದವು. ಭಾನುವಾರದ ಬೆಳಗಿನ ಮೆಟ್ರೋ, ಕೂರಲು ಬೇಕಾದಷ್ಟು ಜಾಗವಿತ್ತು, ಆದರೂ ಮೆಜೆಸ್ಟಿಕ್‌ನಲ್ಲಿ ಹತ್ತಿದವನು ಬಾಗಿಲ ಪಕ್ಕದ ಕಂಬ ಹಿಡಿದುಕೊಂಡೇ ನಿಂತಿದ್ದ. ಎದುರಿನ ಸೀಟಿನಲ್ಲಿ ಕಾಲೇಜು ಹುಡುಗಿಯೊಬ್ಬಳ ಬಿಳಿ ಶೂ, ಅದರ ಪಕ್ಕ ಯಾರೋ ಹೆಂಗಸಿನ ಕಾಲುಂಗುರ, ಅದರಾಚೆ ಚಿಕ್ಕಪೇಟೆಯಲ್ಲಿ ಇಳಿಯಲು ಆಗಲೇ ಸೀಟಿನ ತುದಿಗೆ ಸರಿದಿದ್ದ ಹಮಾಲಿಯ ಹವಾಯಿ ಚಪ್ಪಲಿ. ಚಪ್ಪಲಿ ಸವೆದು ಗಿಡ್ಡವಾಗಿತ್ತೋ, ಕಾಲೇ ಉದ್ದವಿತ್ತೋ, ಹಿಮ್ಮಡಿ ಹಿಂದಕ್ಕೆ ಚಾಚಿಕೊಂಡಿತ್ತು. ಅಂಚಿನ ತುಂಬ ಬಿಳಿ ಗೆರೆಗಳು. ಬೆಳಕು ಮೇಲಿಂದ ಬೀಳುವ ಬದಲು ಪಕ್ಕದಿಂದ ಬಂದಿದ್ದರೆ ಆ ಗೆರೆಗಳಿಗೆ ಎಂಥ ಆಳ ಬರುತ್ತಿತ್ತು ಎಂದು ಒಂದು ಕ್ಷಣ ಲೆಕ್ಕ ಹಾಕಿ, ಛೀ ಎನಿಸಿ, ಮುಖ ತಿರುಗಿಸಿದ. ಬಸವನಗುಡಿಯ ಒಂದು ಸಣ್ಣ ಸಭಾಂಗಣದಲ್ಲಿ ಇವತ್ತು ಅವನ ಕ್ಯಾಮೆರಾ ಸಂಘದ ಪ್ರದರ್ಶನ. ಇಪ್ಪತ್ತನಾಲ್ಕು ಚಿತ್ರಗಳು, ಎಲ್ಲವೂ ತೀರ ಹತ್ತಿರದಿಂದ ತೆಗೆದವು, ನೋಡಿದರೆ ಏನೆಂದು ತಿಳಿಯದಂಥವು. ಚಿತ್ರದ ಕೆಳಗೆ ಹೆಸರಿಲ್ಲ, ಬರೀ ನಂಬರು. ಬಂದವರು ಊಹಿಸಬೇಕು; ಹನ್ನೆರಡು ಗಂಟೆಗೆ ತೆಗೆದವರು ಒಬ್ಬೊಬ್ಬರೇ ತಮ್ಮ ಚಿತ್ರದ ಪಕ್ಕ ನಿಂತು ಇದು ಇಂಥದ್ದು ಎಂದು ಗುಟ್ಟು ಬಿಟ್ಟುಕೊಡಬೇಕು. ಹದಿನೇಳನೇ ನಂಬರು ಸತೀಶನದು. ಸಂಘದವರೆಲ್ಲ ಅದನ್ನು ಹಳೇ ಮನೆಯೊಂದರ ಗಾರೆ ಗೋಡೆ ಎಂದು ನಂಬಿದ್ದಾರೆ, ಹಾಗೆಂದು ಸತೀಶನೇ ಹೇಳಿದ್ದ. ಅದು ಗೋಡೆಯಲ್ಲ, ಅವನ ಅಮ್ಮನ ಬಲಗಾಲಿನ ಹಿಮ್ಮಡಿ. ಅದನ್ನು ತೆಗೆದದ್ದು ಅಮ್ಮನಿಗೂ ಗೊತ್ತಿಲ್ಲ. ಈಗ ಅಮ್ಮ ಪ್ರದರ್ಶನ ನೋಡಲು ಬರುತ್ತಿದ್ದಾಳೆ.

ಅವನೇನೂ ಕರೆದಿರಲಿಲ್ಲ. ಬೆಳಿಗ್ಗೆ ಹೆಂಡತಿ ಜ್ಯೋತಿಲಕ್ಷ್ಮಿ ದೋಸೆ ಮಗುಚುತ್ತಾ, "ಅತ್ತೇನ ಹನ್ನೊಂದು ಗಂಟೆಗೆ ಕರ್ಕೊಂಡ್ ಬರ್ತೀನಿ ಕಣ್ರೀ" ಎಂದು, ತರಕಾರಿ ತರುವ ವಿಷಯ ಹೇಳಿದ ಹಾಗೆ ಹೇಳಿಬಿಟ್ಟಿದ್ದಳು. "ಅಮ್ಮಂಗೆ ಅಲ್ಲೇನಿದೆ? ಎಲ್ಲಾ ಅರ್ಥ ಆಗದೇ ಇರೋ ಫೋಟೋಗಳು" ಎಂದು ಸತೀಶ ಗೊಣಗಿದ. "ಅವರೊಬ್ಬರಿಗೇನಾ? ನಂಗೂ ಆಗಲ್ಲ. ಆದ್ರೂ ಬರ್ತೀನಿ ತಾನೇ?" ಎಂದಳು ಜ್ಯೋತಿ. ಒಳಗೆ ಬುದ್ಧನ ಪಟದ ಕೆಳಗೆ ಕೂತು ಸೀರೆ ಮಡಿಸುತ್ತಿದ್ದ ಅಮ್ಮ ಅಲ್ಲಿಂದಲೇ, "ನಾನು ಒಂದ್ ಮೂಲೇಲಿ ನಿಂತು ನೋಡ್ಬುಟ್ಟು ಬತ್ತೀನಿ ಬುಡಪ್ಪ, ಯಾರ್ನೂ ಮಾತಾಡ್ಸಲ್ಲ" ಎಂದಳು. ಬೇಜಾರಿನಿಂದ ಹೇಳಿದ್ದಲ್ಲ, ಮಗನಿಗೆ ಅನುಕೂಲವಾಗಲಿ ಎಂದು ಹೇಳಿದ್ದು. ಆ ಅನುಕೂಲದ ಮಾತು ಅವನಿಗೆ ನ್ಯಾಷನಲ್ ಕಾಲೇಜು ಸ್ಟೇಷನ್ನಿನವರೆಗೂ ಚುಚ್ಚುತ್ತಲೇ ಇತ್ತು. ಸರ್ಕಾರಿ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಸರ್ವಿಸು, ನಲವತ್ತನಾಲ್ಕು ವಯಸ್ಸು, ಆದರೂ ಅಮ್ಮ ಎಲ್ಲಿಗೆ ಬಂದರೂ ಮೂಲೆಯಲ್ಲೇ ನಿಲ್ಲುತ್ತೇನೆ ಎನ್ನಬೇಕಾದಂಥ ಮಗ ತಾನು.

ಸಂಘಕ್ಕೆ ಸೇರಿ ಎರಡು ವರ್ಷವಾಗಿತ್ತು. ಮೊದಲ ದಿನ ಮಧುಸೂದನ್ ಎಂಬ ಸದಸ್ಯರು, ಬ್ಯಾಂಕಿನಿಂದ ನಿವೃತ್ತರಾದವರು, ಕಾಫಿ ಕೊಡುತ್ತಾ "ಮನೆ ಎಲ್ಲಿ?" ಎಂದಿದ್ದರು. "ಓಕಳಿಪುರಂ" ಎಂದಾಗ ಅವರ ಬಾಯಿಂದ ಬಂದ "ಓ..." ಬೇಕಾದ್ದಕ್ಕಿಂತ ಸ್ವಲ್ಪ ಉದ್ದವಿತ್ತು. ಅಷ್ಟೇ, ಆಮೇಲೆ ಅವರು ಯಾವತ್ತೂ ಒಂದು ಕೆಟ್ಟ ಮಾತಾಡಿದವರಲ್ಲ, ತಮ್ಮ ಟ್ರೈಪಾಡ್ ಕೂಡ ಎರವಲು ಕೊಟ್ಟಿದ್ದರು. ಆದರೆ ಸತೀಶ ಆ "ಓ"ವನ್ನು ಇಟ್ಟುಕೊಂಡಿದ್ದ. ಕಲಿಸುವವರು ವಿಶ್ವಾರಾಧ್ಯ ಮೇಷ್ಟ್ರು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟವರು. ಅವರು ಮೊದಲ ತಿಂಗಳೇ ಸತೀಶನ ಚಿತ್ರಗಳನ್ನೆಲ್ಲ ಸಾಲಾಗಿ ನೋಡಿ, "ಇದೇನ್ರೀ ಎಲ್ಲಾ ಈಗ ತಾನೇ ಅಂಗಡಿಯಿಂದ ತಂದ ಹಾಗಿದೆ?" ಎಂದಿದ್ದರು. ನಲ್ಲಿ, ಬೀಗ, ಹಿತ್ತಾಳೆ ಚೊಂಬು, ಸೈಕಲ್ ಬೆಲ್ಲು, ಯಾವುದನ್ನೇ ಆಗಲಿ ಸತೀಶ ತೊಳೆದು, ಒರೆಸಿ, ಹುಣಸೆಹಣ್ಣು ಹಾಕಿ ಬೆಳಗಿ, ಆಮೇಲೆ ಕ್ಯಾಮೆರಾ ಹಿಡಿಯುತ್ತಿದ್ದ. ಹೊರಗಿನವರ ಕಣ್ಣಿಗೆ ಬೀಳುವ ವಸ್ತುವನ್ನು ಮೊದಲು ತೊಳೆಯಬೇಕು ಎಂಬುದು ಅವನಿಗೆ ಯೋಚಿಸಿ ಮಾಡುವ ಕೆಲಸವೇ ಆಗಿರಲಿಲ್ಲ. ಬೇರೆ ಹುಡುಗರು ಅಂಗಿಗೆ ಮಸಿ ಬಳಿದುಕೊಂಡು ಸ್ಕೂಲಿಗೆ ಬರುತ್ತಿದ್ದರು, ಅವನ ಅಂಗಿಗೆ ಮಾತ್ರ ಅಮ್ಮ ಹಿಂದಿನ ಸಂಜೆಯೇ ನೀಲಿ ಹಾಕಿ, ಬೆಳಿಗ್ಗೆ ಇಸ್ತ್ರಿ ಮಾಡಿ, "ಅವ್ರ ಮೈಮೇಲಿದ್ರೆ ಮಣ್ಣು, ನಮ್ಮ ಮೈಮೇಲಿದ್ರೆ ಕೊಳೆ ಕಣೋ" ಎಂದು ಹೇಳಿ ಕಳಿಸುತ್ತಿದ್ದಳು. ಮೇಷ್ಟ್ರಿಗೆ ಅದೆಲ್ಲ ಹೇಗೆ ಹೇಳುವುದು? "ತೊಳೀಬೇಡಿ ಮಾರಾಯರೇ, ನೀವು ಒರೆಸಿ ಎಸೆದಿದ್ದೇ ಚಿತ್ರ" ಎಂದಿದ್ದರು ಅವರು. ಅದರ ಹಿಂದೆಯೇ ಇನ್ನಷ್ಟು: ಬೆಳಕು ಎದುರಿನಿಂದ ಬಿದ್ದರೆ ಎಲ್ಲಾ ಚಪ್ಪಟೆ, ಪಕ್ಕದಿಂದ ಬರಲಿ; ಇಷ್ಟು ಹತ್ತಿರ ಹೋದಾಗ ಕೂದಲೆಳೆಯಷ್ಟು ಜಾಗ ಮಾತ್ರ ನಿಚ್ಚಳ ಬರುತ್ತೆ, ಯಾವುದು ನಿಚ್ಚಳ ಇರಬೇಕು ಅಂತ ಮೊದಲೇ ತೀರ್ಮಾನ ಮಾಡಿ; ಮತ್ತೆ ಎಲ್ಲರೂ ಮಾಡೋ ತಪ್ಪು, ಉಸಿರು ಬಿಗಿಹಿಡಿಯೋದು, ಹಿಡಿದಷ್ಟೂ ಕೈ ನಡುಗುತ್ತೆ, ಬಿಟ್ಟು ಒತ್ತಿ.

ಹಿಮ್ಮಡಿಯ ಚಿತ್ರ ತೆಗೆದ ಮಧ್ಯಾಹ್ನ ಸತೀಶ ಉಸಿರು ಬಿಗಿಹಿಡಿದೇ ಒತ್ತಿದ್ದ. ಅಮ್ಮ ಬಾಗಿಲ ಹತ್ತಿರ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ರೈಲು ಹಳಿಯ ಕಡೆಯ ಬಾಗಿಲಿನಿಂದ ನಾಲ್ಕು ಗಂಟೆಯ ಬಿಸಿಲು ನೆಲ ಸವರಿಕೊಂಡು ಬಂದು ಅವಳ ಹಿಮ್ಮಡಿಯ ಮೇಲೆ ನಿಂತಿತ್ತು. ಅವನು ಮೇಷ್ಟ್ರ ಮಾತು ನೆನೆಸಿಕೊಂಡು ಏನನ್ನೋ ಹುಡುಕುತ್ತಿದ್ದ, ಲೆನ್ಸ್ ಆಗಲೇ ಕೈಯಲ್ಲಿತ್ತು. ಎಷ್ಟು ವರ್ಷದಿಂದ ನೋಡಿದ ಕಾಲು, ಆದರೆ ಹುಡುಗನಾಗಿದ್ದಾಗಿನಿಂದ ಅದನ್ನು ಕಂಡ ಕೂಡಲೇ ಕಣ್ಣು ಬೇರೆ ಕಡೆ ಹೊರಳಿಸಿ ಅಭ್ಯಾಸವಾಗಿದ್ದ ಕಾಲು. ಅಪ್ಪ ತೀರಿಕೊಂಡ ವರ್ಷದಿಂದ ಮೂವತ್ತು ವರ್ಷ ಅಮ್ಮ ಗಾರೆ ಕೆಲಸಕ್ಕೆ ಹೋದಳು. ಕಲಸಿದ ಸಿಮೆಂಟನ್ನು ಬಾಂಡ್ಲಿಯಲ್ಲಿ ತುಂಬಿ, ತಲೆ ಮೇಲಿಟ್ಟು, ಬಿದಿರಿನ ಮೆಟ್ಟಿಲು ಹತ್ತಿ ಮೇಸ್ತ್ರಿಗೆ ಕೊಡುವುದು, ಇಳಿಯುವುದು, ಮತ್ತೆ ತುಂಬುವುದು. ಸಿಮೆಂಟು ಮೊದಲು ಕಾಲಿನ ಎಣ್ಣೆ ತಿಂದಿತು, ಆಮೇಲೆ ಚರ್ಮ. ವ್ಯಾಸಲೀನು, ಮೇಣ, ಅರಿಶಿನ, ಯಾವುದಕ್ಕೂ ಜಗ್ಗದೆ ಬಿರುಕುಗಳು ಉಳಿದುಕೊಂಡವು, ಕೆಲಸ ಬಿಟ್ಟು ಹತ್ತು ವರ್ಷವಾದರೂ ಹಾಗೇ. ಹಿಂದಿನ ದಿನ ಹಚ್ಚಿದ ಅರಿಶಿನ ಒಂದೆರಡು ಬಿರುಕಿನ ಆಳದಲ್ಲಿ ಇನ್ನೂ ಇತ್ತು. ಲೆನ್ಸಿನಲ್ಲಿ ನೋಡಿದಾಗ ಅವನಿಗೆ ಮೈ ಜುಮ್ಮೆಂದಿತು, ಇಷ್ಟು ಚೆಲುವಾದದ್ದನ್ನು ಅವನು ಈವರೆಗೆ ತೆಗೆದೇ ಇರಲಿಲ್ಲ. ರೈಲೊಂದು ಬಂತು, ನೆಲ ಅದುರಿತು, ಅದು ದಾಟುವವರೆಗೂ ಕಾದ. ಎಬ್ಬಿಸಿ ಕೇಳಬಹುದಿತ್ತು. ಕೇಳಿದ್ದರೆ ಅವಳು ಎದ್ದು ಕಾಲು ತೊಳೆದುಕೊಂಡು ಬರುತ್ತಿದ್ದಳು. ಹಾಗೆಂದು ಅವನು ಸಮಾಧಾನ ಹೇಳಿಕೊಂಡ. ನಿಜ ಬೇರೆ ಇತ್ತು, ಕದಿಯುವವನು ಕೇಳುವುದಿಲ್ಲ. ಮೂವತ್ತೊಂದು ಸಲ ಒತ್ತಿದ. ಮೂವತ್ತು ಅಲುಗಿದ್ದವು. ಒಂದು ಬಂದಿತ್ತು.

ಅದನ್ನು ಸಂಘದ ಸಭೆಯಲ್ಲಿ ಪರದೆಯ ಮೇಲೆ ಹಾಕಿದ ದಿನ ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಏನ್ರೀ ಇದು ಸತೀಶ್?" ಎಂದು ಮಧುಸೂದನ್ ಮೆಲ್ಲಗೆ ಕೇಳಿದರು. ಗಾರೆ ಕೆಲಸ ಮಾಡಿದ ಕಾಲು ಸಾರ್ ಅನ್ನಬೇಕೆಂದೇ ಸತೀಶ ಬಾಯಿ ತೆರೆದಿದ್ದು, ಇದರಲ್ಲಿ ಸುಳ್ಳಿಲ್ಲ. "ಗಾರೆ..." ಎಂದ. ಅಷ್ಟರಲ್ಲಿ ಮಧುಸೂದನ್ ಕುರ್ಚಿಯಿಂದ ಎದ್ದೇಬಿಟ್ಟಿದ್ದರು. "ಅಂದ್ಕೊಂಡೆ ಕಣ್ರೀ! ಸುಣ್ಣ, ಬೆಲ್ಲ ಹಾಕಿ ಅರೆದಿರೋ ಗಾರೆ! ಚಾಮರಾಜಪೇಟೇಲಿ ನಮ್ಮ ತಾತನ ಮನೆ ನಡುಮನೆ ಗೋಡೆ ಹಿಂಗೇ ಇತ್ತು. ಬಾಣಂತಿ ಕೋಣೆ ಪಕ್ಕ. ನಾನು ಚಿಕ್ಕವನಾಗಿದ್ದಾಗ ಈ ಬಿರುಕಿಗೆ ಬೆರಳು ಹಾಕ್ಕೊಂಡು ಮಲಗ್ತಿದ್ದೆ." ಅವರ ಕಣ್ಣು ನಿಜವಾಗಿ ಒದ್ದೆಯಾಗಿತ್ತು. ಅಂಥ ಕಣ್ಣಿನ ಮುಂದೆ ಅಲ್ಲ ಸಾರ್, ಇದು ನಮ್ಮಮ್ಮನ ಹಿಮ್ಮಡಿ ಎನ್ನುವುದು ಹೇಗೆ? ಸತೀಶ ನಕ್ಕು ಸುಮ್ಮನಾದ. ಇಷ್ಟಕ್ಕೇ ನಿಂತಿದ್ದರೆ ಅರ್ಧ ಸತ್ಯ ಎಂದಾದರೂ ಅಂದುಕೊಳ್ಳಬಹುದಿತ್ತು. ಆದರೆ ಯಾರೋ "ಯಾವ ಮನೆದು?" ಎಂದರು, ಅವನು ತಡವರಿಸದೆ "ಐದನೇ ಮೇನಲ್ಲಿತ್ತು, ಈಗ ಕೆಡವಿಬಿಟ್ಟಿದಾರೆ" ಎಂದುಬಿಟ್ಟ. ಎಲ್ಲರೂ ಅಯ್ಯೋ ಎಂದರು. ಇಲ್ಲದ ಮನೆಗಾಗಿ ಅಷ್ಟು ಜನ ಮರುಗಿದ್ದನ್ನು ನೋಡಿ ಅವನಿಗೆ ಒಳಗೊಳಗೇ ಖುಷಿಯೂ ಆಗಿತ್ತು ಎಂಬುದೇ ಈಗ ನೆನೆದರೆ ಅಸಹ್ಯವಾಗುತ್ತಿತ್ತು.

ಗಾಂಧಿಬಜಾರಿನ ಹೂವಿನ ಅಂಗಡಿಗಳನ್ನು ದಾಟಿ ಸಭಾಂಗಣ ಮುಟ್ಟಿದಾಗ ಹತ್ತೂವರೆ. ಚಿತ್ರಗಳೆಲ್ಲ ಏರಿದ್ದವು, ಹದಿನೇಳು ಎದುರುಗೋಡೆಯ ನಡುಮಧ್ಯೆ, ಕಿಟಕಿಯ ಬೆಳಕು ಬೀಳುವ ಕಡೆ. ಇಷ್ಟು ಒಳ್ಳೆ ಜಾಗ ಯಾರು ಕೊಟ್ಟರೋ. ಹಿಮ್ಮಡಿ ಈಗ ಎರಡೂವರೆ ಅಡಿ ಅಗಲವಾಗಿತ್ತು. ಸತೀಶ ಅದಕ್ಕೆ ಬೆನ್ನು ಮಾಡಿ ನಿಂತು, ಮೇಜಿನ ಮೇಲಿದ್ದ ಹಾಜರಿ ಪುಸ್ತಕದಲ್ಲಿ ತನ್ನ ಹೆಸರು ಬರೆದ. ಹೆಸರು, ಊರು, ಉದ್ಯೋಗ. ಏಳನೇ ಕ್ಲಾಸಿನಲ್ಲಿ ಚಾಮರಾಜಪೇಟೆಯ ಸ್ಕೂಲಿನಲ್ಲಿ ವಿದ್ಯಾರ್ಥಿವೇತನದ ಫಾರಮ್ಮು ತುಂಬಿದ್ದು ನೆನಪಾಯಿತು, ನೆನಪಾಗಬಾರದೆಂದರೂ. ತಾಯಿಯ ಉದ್ಯೋಗ ಎಂಬ ಗೆರೆಯ ಮೇಲೆ ಅವನು ದುಂಡಗಿನ ಅಕ್ಷರದಲ್ಲಿ ಗೃಹಿಣಿ ಎಂದು ಬರೆದಿದ್ದ. ಪಕ್ಕದ ಹುಡುಗ ಹಾಗೆ ಬರೆದಿದ್ದನ್ನು ನೋಡಿ ಬರೆದದ್ದು. ಅಮ್ಮ ಕೆಲಸದ ನಡುವೆ ಓಡಿ ಬಂದು, ಸ್ಕೂಲಿನ ನಲ್ಲಿಯಲ್ಲಿ ಕೈ ತೊಳೆದುಕೊಂಡು, ಆ ಸುಳ್ಳಿನ ಕೆಳಗೆ ಹೆಬ್ಬೆಟ್ಟು ಒತ್ತಿ ಹೋಗಿದ್ದಳು. ಗುರುತಿನಲ್ಲಿ ಒಂದು ಗೆರೆಯೂ ಮೂಡಿರಲಿಲ್ಲ, ಬರೀ ನೀಲಿ ಮಚ್ಚೆ. ಬೆರಳಿನ ಗೆರೆಯನ್ನೆಲ್ಲ ಸಿಮೆಂಟು ತಿಂದಿತ್ತು. ಅವಳಿಗೆ ಓದು ಬಾರದು ಎಂಬುದೇ ಆ ದಿನ ಅವನಿಗೆ ದೊಡ್ಡ ನೆಮ್ಮದಿಯಾಗಿತ್ತು.

ಹನ್ನೊಂದು ಕಾಲಿಗೆ ಅವರು ಬಂದರು. ಅಮ್ಮ ಕೆನ್ನೇರಳೆ ಬಣ್ಣದ ರೇಷ್ಮೆ ಅಂಚಿನ ಸೀರೆ ಉಟ್ಟಿದ್ದಳು. ಚಪ್ಪಲಿಯನ್ನು ಬಾಗಿಲಲ್ಲಿ ಬಿಡಬೇಕೋ ಬೇಡವೋ ಎಂದು ಅತ್ತಿತ್ತ ನೋಡಿ, ಯಾರೂ ಬಿಟ್ಟಿಲ್ಲದ್ದನ್ನು ಕಂಡು ಹಾಗೇ ಒಳಗೆ ಬಂದು, ಹೇಳಿದ್ದ ಮಾತಿನಂತೆ ಮೂಲೆ ಹುಡುಕಿ ನಿಂತಳು. ಮೂಲೆಯಲ್ಲೇ ಇದ್ದುಬಿಡಲಿ, ಹನ್ನೆರಡಕ್ಕೆ ಮುಂಚೆ ಜ್ಯೋತಿ ಕರೆದುಕೊಂಡು ಹೋಗಲಿ ಎಂದು ಸತೀಶ ಬೇಡಿಕೊಂಡ. ಆದರೆ ಮೂಲೆಯಲ್ಲೂ ಒಂದು ಚಿತ್ರವಿತ್ತು, ಮೂರನೇ ನಂಬರು. ಅದರ ಮುಂದೆ ಇಬ್ಬರು ಯುವತಿಯರು ಜೇನುಗೂಡೋ, ಬಲೆಯೋ ಎಂದು ಚರ್ಚೆ ಮಾಡುತ್ತಿದ್ದರು. ಅಮ್ಮ ತಡೆಯಲಾರದೆ, "ಹೀರೇಕಾಯಿ ನಾರು ಕಣವ್ವ ಅದು, ಮೈ ಉಜ್ಜಲ್ವ?" ಎಂದುಬಿಟ್ಟಳು. ತೆಗೆದವರು ಅಲ್ಲೇ ಇದ್ದರು, ಚಪ್ಪಾಳೆ ತಟ್ಟಿದರು. ಅಮ್ಮನಿಗೆ ನಾಚಿಕೆಯೂ ಆಯಿತು, ಆಸೆಯೂ ಆಯಿತು. "ಬರ್ದಿಲ್ವ ಎಲ್ಲೂ?" ಎಂದು ಸೊಸೆಯನ್ನು ಕೇಳಿದಳು. "ಇಲ್ಲ ಅತ್ತೆ, ಬರೀ ನಂಬರು. ನೋಡಿ ಹೇಳ್ಬೇಕಂತೆ." "ಹಂಗಾದ್ರೆ ಇಲ್ಲಿ ಓದೋರೂ ನಂಗೆ ಸಮಾನೇ" ಎಂದು ಅಮ್ಮ ನಕ್ಕಳು. ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಐದು, ಪೊರಕೆ ಕಡ್ಡಿಯ ತುದಿ. ಎಂಟು, ಸುಣ್ಣದ ಡಬ್ಬಿ ಮುಚ್ಚಳ. ಹನ್ನೊಂದನ್ನು ಎಲ್ಲರೂ ಯಾವುದೋ ಗ್ರಹ ಎನ್ನುತ್ತಿದ್ದರು, ಅಮ್ಮ ಹತ್ತಿರ ಹೋಗಿ, "ದೋಸೆ ಹೆಂಚು. ಎಣ್ಣೆ ಕಂಡು ವಾರ ಆಗೈತೆ ಪಾಪ" ಎಂದಳು. ಅದು ಮಧುಸೂದನ್ ಚಿತ್ರ. ಅವರು ಹೋ ಎಂದು ನಕ್ಕು, "ನಮ್ಮನೆಯವರು ಊರಲ್ಲಿಲ್ಲ ಅಮ್ಮಾ, ಸರಿಯಾಗಿ ಹೇಳಿದ್ರಿ" ಎಂದು ಕೈ ಮುಗಿದರು. ಅಮ್ಮನ ಹಿಂದೆ ಈಗ ಹತ್ತು ಹದಿನೈದು ಜನ. ಸತೀಶನಿಗೆ ಹೆಮ್ಮೆಯಾಗಬೇಕಿತ್ತು, ಆಯಿತು ಕೂಡ; ಆದರೆ ಹದಿಮೂರು, ಹದಿನಾಲ್ಕು ಎಂದು ಮನಸ್ಸು ಎಣಿಸುತ್ತಲೇ ಇತ್ತು.

ಹದಿನೇಳರ ಮುಂದೆ ಮಧುಸೂದನ್ ಅವರೇ ಮುಂದಾದರು. "ಇದೊಂದು ನಮಗೆಲ್ಲ ಗೊತ್ತು ಅಮ್ಮಾ, ಕಷ್ಟಪಡಬೇಡಿ. ಗಾರೆ ಗೋಡೆ, ನಮ್ಮ ತಾತನ ಮನೆ ಥರದ್ದು."

"ಗಾರೆ ಅಲ್ಲ ಸ್ವಾಮಿ" ಎಂದಳು ಅಮ್ಮ ತಟ್ಟನೆ. ದನಿಯಲ್ಲಿ ಸಂಕೋಚವೇ ಇರಲಿಲ್ಲ. "ಮೂವತ್ತು ವರ್ಷ ಗಾರೆ ಕೆಲಸ ಮಾಡಿವ್ನಿ. ಗಾರೆ ಒಳಗಿಂದ ತೇವ ಕುಡ್ದು ಉಬ್ತದೆ, ಪದರ ಏಳ್ತದೆ, ಆಮೇಲೆ ಉದುರ್ತದೆ. ಇದು ಉಬ್ಬಿಲ್ಲ. ಇದು ಮೇಲಿಂದ ಭಾರ ಬಿದ್ದೂ ಬಿದ್ದೂ ಒಡ್ದಿರೋದು. ಇಲ್ ನೋಡಿ, ಈ ಅರಿಶಿನ..."

ಮಾತು ಅಲ್ಲಿಗೆ ನಿಂತಿತು. ಚಿತ್ರದ ಕೆಳಬದಿಯಲ್ಲಿ ಒಂದು ಬಿರುಕು ಇನ್ನೊಂದನ್ನು ಅಡ್ಡಕ್ಕೆ ಕತ್ತರಿಸುವ ಕಡೆ ಒಂದು ಸಣ್ಣ ಗುಳಿಯಿತ್ತು. ಯಾವತ್ತೋ ಸೆಂಟ್ರಿಂಗ್ ಹಲಗೆಯ ಮೊಳೆ ಹೊಕ್ಕಿದ್ದ ಜಾಗ. ಅಮ್ಮ ಅದನ್ನು ನೋಡಿದಳು. ನಿಧಾನಕ್ಕೆ ತಿರುಗಿ ಸತೀಶನನ್ನು ನೋಡಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಅವನು ಬೆವರಿದ್ದನ್ನು ಕಂಡಳು, ಸುತ್ತ ನಿಂತವರನ್ನು ಕಂಡಳು, ಮಧುಸೂದನ್ ಅವರ ಕಾತರದ ಕಣ್ಣನ್ನು ಕಂಡಳು, ಅವಳಿಗೆ ಎಲ್ಲವೂ ಅರ್ಥವಾಯಿತು. "ಏನೋಪ್ಪ, ಕಣ್ಣು ಮಂಜು. ನೀವ್ ಹೇಳ್ದಂಗೆ ಗಾರೇನೇ ಇರ್ಬೇಕು ಬುಡಿ" ಎಂದಳು. ಹೇಳುತ್ತಾ ಹೇಳುತ್ತಾ, ತನಗೇ ತಿಳಿಯದಂತೆ, ಬಲಗಾಲನ್ನು ಹಿಂದಕ್ಕೆಳೆದು ಸೀರೆಯ ನೆರಿಗೆಯ ಒಳಗೆ ಮುಚ್ಚಿಕೊಂಡಳು.

ಕಾಲು ಒಳಗೆ ಸರಿದದ್ದನ್ನು ಕಂಡವನು ಸತೀಶನೊಬ್ಬನೇ. ಅವನ ಬದುಕಿನಲ್ಲಿ ಅಷ್ಟು ನಿಚ್ಚಳವಾಗಿ ಅವನು ಬೇರೆ ಯಾವುದನ್ನೂ ಕಂಡಿರಲಿಲ್ಲ. ಹಲಗೆ ಮೊಳೆ ಹೊಕ್ಕಾಗಲೂ ಕೆಲಸ ನಿಲ್ಲಿಸದ ಕಾಲು, ತಾನು ಒಂದು ಗೋಡೆಗಾಗಿ ಅದನ್ನು ಸೀರೆಯೊಳಗೆ ಅಡಗಿಸುವಂತೆ ಮಾಡಿದ್ದ. ಹನ್ನೆರಡಾಗಲು ಇನ್ನೂ ಹತ್ತು ನಿಮಿಷವಿತ್ತು. ಎದೆಯಲ್ಲಿ ಹಿಡಿದುಕೊಂಡಿದ್ದ ಉಸಿರು ಬಿಟ್ಟ.

"ಗಾರೆ ಅಲ್ಲ ಸಾರ್" ಎಂದ. ದನಿ ನಡುಗಲಿಲ್ಲ, ಅವನಿಗೇ ಆಶ್ಚರ್ಯವಾಯಿತು. "ಗಾರೆ ಕೆಲಸ ಮಾಡಿದ ಕಾಲು. ಇವರು ನಮ್ಮಮ್ಮ, ಶಕುಂತಲಮ್ಮ ಅಂತ. ಇದು ಇವರ ಹಿಮ್ಮಡಿ. ಮಲಗಿದ್ದಾಗ ಕೇಳದೆ ತೆಗೆದೆ. ಐದನೇ ಮೇನಲ್ಲಿ ಅಂಥ ಮನೆ ಯಾವುದೂ ಇಲ್ಲ. ನಿಮಗೆಲ್ಲ ಸುಳ್ಳು ಹೇಳಿದೆ, ಅಮ್ಮಂಗೂ ಹೇಳಲಿಲ್ಲ. ಮುಚ್ಚಿಟ್ಟಿದ್ದು ನನ್ನ ತಪ್ಪು."

ಜ್ಯೋತಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಮಧುಸೂದನ್ ಮುಖ ಕೆಂಪಾಗಿತ್ತು, ಸಿಟ್ಟಿಗೋ ನಾಚಿಕೆಗೋ ಅವರಿಗೇ ತಿಳಿದ ಹಾಗಿರಲಿಲ್ಲ. ಎರಡು ತಿಂಗಳಿಂದ ಯಾರ ಕಾಲು ನೋಡಿ ತಾತನನ್ನು ನೆನೆದು ಕಣ್ಣೀರು ಹಾಕಿದ್ದರೋ ಅವರ ಎದುರಿಗೇ ನಿಂತಿದ್ದರು. "ನಾನು..." ಎಂದು ತಡವರಿಸಿ, "ಇದನ್ನ ನೋಡಿದಾಗೆಲ್ಲ ನಮ್ಮ ಮನೆ ಅನ್ನಿಸ್ತಿತ್ತು ಅಮ್ಮಾ" ಎಂದರು. ಅಮ್ಮನೇ ಅವರ ಸಹಾಯಕ್ಕೆ ಬಂದಳು. "ಅನ್ಸಿದ್ರೆ ತೆಪ್ಪೇನೈತೆ ಸ್ವಾಮಿ? ನಿಮ್ ಚಾಮರಾಜಪೇಟೇಲಿ ನಾವು ಮುಟ್ದೇ ಇರೋ ಗೋಡೆ ಎಲ್ಲೈತೆ? ನಿಮ್ ಮನೇಗೂ ಒಂದ್ ಬಾಂಡ್ಲಿ ಹೊತ್ತಿರ್ತೀನಿ." ಅವರು ನಗಲು ಹೋಗಿ, ಆಗದೆ, ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಹೋಗಿ ಒಂದು ಕುರ್ಚಿ ತಂದು ಹದಿನೇಳರ ಪಕ್ಕದಲ್ಲೇ ಹಾಕಿ, "ಕೂತ್ಕೊಳ್ಳಿ" ಎಂದರು. ಮೂಲೆಯಲ್ಲಿ ನಿಲ್ಲಲು ಬಂದವಳು ಗೋಡೆಯ ನಡುಮಧ್ಯೆ ಕೂತಳು.

ಕೂತ ಮೇಲೆ ಮಗನನ್ನು ಬಗ್ಗಿಸಿಕೊಂಡು, ಯಾರಿಗೂ ಕೇಳಬಾರದು ಎಂಬಂತೆ, ಆದರೆ ಎಲ್ಲರಿಗೂ ಕೇಳುವಷ್ಟು ಜೋರಾಗಿ, "ಅಲ್ವೋ, ಒಂದ್ ಮಾತ್ ಹೇಳಿದ್ರೆ ಕಾಲಾದ್ರೂ ತೊಳ್ಕೊಂಡಿರ್ತಿದ್ದೆ" ಎಂದು ಬೈದಳು. "ತೊಳೀಬಾರ್ದಮ್ಮ" ಎಂದ ಸತೀಶ. "ಮೇಷ್ಟ್ರು ಹೇಳ್ಕೊಟ್ಟಿದಾರೆ." ಅಮ್ಮ ನಂಬದೆ ವಿಶ್ವಾರಾಧ್ಯರ ಕಡೆ ನೋಡಿದಳು, ಅವರು ಗಂಭೀರವಾಗಿ ಹೌದೆಂದು ತಲೆಯಾಡಿಸಿದರು. ಅಮ್ಮ ಚಿತ್ರವನ್ನು ಮತ್ತೊಮ್ಮೆ, ಈ ಸಲ ಬಿಡುವಾಗಿ, ಮೇಸ್ತ್ರಿ ಮುಗಿದ ಗೋಡೆಯನ್ನು ನೋಡುವ ಹಾಗೆ ನೋಡಿ, "ಇಷ್ಟ್ ಚೆಂದಾಗಿತ್ತಾ ನನ್ ಕಾಲು?" ಎಂದಳು. ಬಲಗಾಲು ಆಗಲೇ ಸೀರೆಯಿಂದ ಹೊರಗೆ ಬಂದಿತ್ತು.

ಹನ್ನೆರಡು ಹೊಡೆಯಿತು. ಗುಟ್ಟು ಬಯಲಾದ ಚಿತ್ರಗಳ ಕೆಳಗೆ ನಂಬರಿನ ಜೊತೆ ಹೆಸರು ಬರೆದು ಅಂಟಿಸುವುದು ಕ್ರಮ. ಮೇಷ್ಟ್ರು ಬಿಳಿ ಚೀಟಿಯನ್ನೂ ದಪ್ಪ ಪೆನ್ನನ್ನೂ ಸತೀಶನ ಕೈಗೆ ಕೊಟ್ಟರು. ಅವನು ಗೋಡೆಗೆ ಚೀಟಿ ಒತ್ತಿ, ಏಳನೇ ಕ್ಲಾಸಿನ ದುಂಡಗಿನ ಅಕ್ಷರದಲ್ಲೇ ಬರೆದ. ಅಮ್ಮ ಅವನ ಕೈಯನ್ನೇ ನೋಡುತ್ತಿದ್ದಳು.

"ಏನ್ ಬರ್ದೆ? ಓದು."

"ಶಕುಂತಲಮ್ಮ. ಗಾರೆ ಕೆಲಸ."

"ಅವತ್ತು ಸ್ಕೂಲಲ್ಲಿ ಬರ್ದಂಗೆ ಗೃಹಿಣಿ ಅಂತ ಬರ್ದಿಲ್ಲ ತಾನೇ?"

ಸತೀಶ ಚೀಟಿಯಿಂದ ಕಣ್ಣೆತ್ತಿ ಅಮ್ಮನನ್ನು ನೋಡಿದ. "ನಿಂಗೆ ಗೊತ್ತಿತ್ತಾ?"

"ಹೆಬ್ಬೆಟ್ಟು ಹಾಕೋಕ್ ಮುಂಚೆ ಗುಮಾಸ್ತರು ಗಟ್ಟಿಯಾಗಿ ಓದಿದ್ರು ಕಣೋ."

"ಈಗ ಹಂಗೆ ಬರ್ದಿಲ್ಲಮ್ಮ" ಎಂದ. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ಮತ್ತೊಮ್ಮೆ ಓದಿ ತೋರಿಸಿದ. ಅಮ್ಮ ಬೆರಳು ಹೋದ ಕಡೆಗೆಲ್ಲ ಕಣ್ಣು ಹಾಯಿಸಿ, ಕೊನೆಯ ಅಕ್ಷರದವರೆಗೂ ಬಂದು, ಸಮಾಧಾನವಾದವಳಂತೆ ಕುರ್ಚಿಗೆ ಒರಗಿದಳು.

"ಹಂಗಾದ್ರೆ ಅಂಟ್ಸು" ಎಂದಳು.